ಪಟ್ಟಿಯಿಂದ ಹೆಸರು ಬಿಟ್ಟುಹೋದ ಮೇಲೆ

2023ರ ಏಪ್ರಿಲ್ 26. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಬೇಸ್‌ಬಾಲ್ ಮೈದಾನ. ಪಂದ್ಯ ಕೊನೆಯ ಹಂತಕ್ಕೆ ಬರುತ್ತಿದ್ದಾಗ ಬದಲಿ ಆಟಗಾರರೊಬ್ಬರು ಬ್ಯಾಟ್ ಹಿಡಿದು ಮೈದಾನಕ್ಕಿಳಿದರು. ಹೆಸರು ಡ್ರೂ ಮ್ಯಾಗಿ. ವಯಸ್ಸು 33. ಅನೇಕರು ನಿವೃತ್ತಿಯ ಬಗ್ಗೆ ಯೋಚಿಸತೊಡಗುವ ಈ ವಯಸ್ಸಿನಲ್ಲಿ ಅವರು ಮೇಜರ್ ಲೀಗ್‌ನಲ್ಲಿ, ಅಂದರೆ ಆ ಆಟದ ಅತ್ಯುನ್ನತ ದರ್ಜೆಯಲ್ಲಿ, ತಮ್ಮ ಮೊತ್ತಮೊದಲ ಪಂದ್ಯ ಆಡುತ್ತಿದ್ದರು. ಅದಕ್ಕೆ ಮುಂಚೆ ಕೆಳದರ್ಜೆಯ ಮೈನರ್ ಲೀಗ್‌ಗಳಲ್ಲಿ ಅವರು 1,155 ಪಂದ್ಯಗಳನ್ನು ಆಡಿ ಮುಗಿಸಿದ್ದರು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮ್ಯಾಗಿ ಔಟಾಗಿ ಮರಳಿದರು.

ಈ ಚಪ್ಪಾಳೆಯ ಕುರಿತು ಯೋಚಿಸಿದಾಗ ಒಂದು ಪ್ರಶ್ನೆ ಕಾಡುತ್ತದೆ. 2010ರಲ್ಲಿ ಇದೇ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ ಅವರನ್ನು ಆಯ್ಕೆ ಮಾಡಿತ್ತು. ಅಲ್ಲಿಂದ ಇಲ್ಲಿಯವರೆಗೆ ಅವರನ್ನು ನೋಡುತ್ತಿದ್ದವರು ಯಾರು? ಒಬ್ಬ ಮನುಷ್ಯನನ್ನು ಅವನು ಇಂದು ಏನಾಗಿದ್ದಾನೆ ಎಂಬುದಕ್ಕಲ್ಲದೆ, ನಾಳೆ ಏನಾಗಬಲ್ಲ ಎಂಬುದಕ್ಕಾಗಿ ಮಾತ್ರ ಗಮನಿಸುವುದು ಸರಿಯೇ?

ಪ್ರಶ್ನೆ ಅರ್ಥವಾಗಬೇಕಾದರೆ ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಕ್ರಿಕೆಟ್‌ನಲ್ಲಿ ರಣಜಿ ತಂಡ ರಾಜ್ಯದ್ದು. ಅದರ ಗೆಲುವಿಗೆ ಅದರದ್ದೇ ಆದ ಬೆಲೆಯಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮೇಜರ್ ಲೀಗ್‌ನ 30 ಕ್ಲಬ್‌ಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಮೆಟ್ಟಿಲುಗಳಲ್ಲಿ ನಾಲ್ಕು ಮೈನರ್ ಲೀಗ್ ತಂಡಗಳು ಜೋಡಣೆಯಾಗಿವೆ. ಪೈರೇಟ್ಸ್ ಕ್ಲಬ್‌ಗೆ ಫ್ಲೋರಿಡಾದ ಬ್ರೇಡೆಂಟನ್ ಕೆಳಗಿನ ಮೆಟ್ಟಿಲು. ಅಲ್ಲಿಂದ ಗ್ರೀನ್ಸ್‌ಬರೊ, ಆಮೇಲೆ ಆಲ್ಟೂನಾ, ಕೊನೆಗೆ ಇಂಡಿಯಾನಾಪೊಲಿಸ್. ಇವುಗಳಿಗೂ ಕೆಳಗೆ ಹೊಸಬರಿಗಾಗಿ ಫ್ಲೋರಿಡಾದಲ್ಲಿ ಮತ್ತು ಕೆರಿಬಿಯನ್ ದ್ವೀಪದೇಶವಾದ ಡೊಮಿನಿಕನ್ ಗಣರಾಜ್ಯದಲ್ಲಿ ತರಬೇತಿ ಕೇಂದ್ರಗಳಿವೆ. ಈ ತಂಡಗಳ ಆಟಗಾರರಿಗೆ ಸಂಬಳ ಕೊಡುವುದು ಮೇಲಿನ ಕ್ಲಬ್. ಯಾರು ಎಲ್ಲಿ ಆಡಬೇಕು, ಯಾರು ಮೇಲೆ ಹೋಗಬೇಕು, ಯಾರು ಮನೆಗೆ ಹೋಗಬೇಕು ಎಂದು ನಿರ್ಧರಿಸುವುದೂ ಅದೇ.

ಇದಕ್ಕೆ ಅಲ್ಲಿನವರು ಇಟ್ಟ ಹೆಸರು 'ಫಾರ್ಮ್ ಸಿಸ್ಟಮ್'. ಫಾರ್ಮ್ ಎಂದರೆ ಹೊಲ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕ್ಲಬ್‌ನ ಬ್ರಾಂಚ್ ರಿಕಿ ಎಂಬವರು 1920ರ ದಶಕದಲ್ಲಿ ಇದನ್ನು ಕಟ್ಟಿದರು. ಸಿದ್ಧ ಆಟಗಾರರನ್ನು ದುಬಾರಿ ಬೆಲೆಗೆ ಕೊಳ್ಳುವ ಬದಲು ಎಳೆಯರನ್ನು ಅಗ್ಗಕ್ಕೆ ಸೇರಿಸಿಕೊಂಡು ಬೆಳೆಸುವುದು ಅವರ ಲೆಕ್ಕಾಚಾರ. ಇದೇ ರಿಕಿ ಮುಂದೆ ಬ್ರೂಕ್ಲಿನ್ ಕ್ಲಬ್‌ನಲ್ಲಿದ್ದಾಗ ಕರಿಯ ಆಟಗಾರ ಜಾಕಿ ರಾಬಿನ್ಸನ್‌ರನ್ನು 1946ರಲ್ಲಿ ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಆಡಿಸಿ, 1947ರಲ್ಲಿ ಮೇಜರ್ ಲೀಗ್‌ಗೆ ತಂದು ವರ್ಣಭೇದದ ಗೋಡೆಯನ್ನು ಒಡೆದರು. ಹಾಗಾಗಿ ಈ ಹೊಲದಲ್ಲಿ ಬರೀ ಕಳೆಯೇ ಬೆಳೆಯಿತು ಎನ್ನುವಂತಿಲ್ಲ. ಆದರೆ ಹೊಲ ಎಂಬ ಪದವೇ ಒಂದು ಮಾತನ್ನು ಹೇಳಿಬಿಡುತ್ತದೆ. ಹೊಲದಲ್ಲಿ ಕಾಳಿಗಷ್ಟೇ ಬೆಲೆ. ಜೊಳ್ಳನ್ನು ತೂರಿಬಿಡುತ್ತಾರೆ.

ಈ ಹೊಲವನ್ನು ದಿನನಿತ್ಯ ಕಣ್ಣಿಟ್ಟು ಕಾಯುವ ಅಭಿಮಾನಿಗಳ ಒಂದು ದೊಡ್ಡ ಬಳಗವೇ ಅಮೆರಿಕದಲ್ಲಿದೆ. ಮುಖ್ಯ ತಂಡದ ಪಂದ್ಯಕ್ಕಿಂತ ಅವರಿಗೆ ಕೆಳಗಿನ ನಾಲ್ಕು ತಂಡಗಳ ಅಂಕಿಅಂಶಗಳ ಮೇಲೆ ಹೆಚ್ಚು ಆಸಕ್ತಿ. ಹತ್ತೊಂಬತ್ತರ ಹುಡುಗನೊಬ್ಬನ ಎಸೆತದ ವೇಗ ಕಳೆದ ತಿಂಗಳಿಗಿಂತ ಎಷ್ಟು ಹೆಚ್ಚಿತು, ಇನ್ನೊಬ್ಬ ಯಾಕೆ ಮೇಲಿನ ಮೆಟ್ಟಿಲಿಗೆ ಹೋಗಿಲ್ಲ ಎಂದು ಅವರು ಲೆಕ್ಕ ಹಾಕುತ್ತಾರೆ. ಮುಂದೆ ಬೆಳಗಬಹುದಾದ ಇಂಥ ಆಟಗಾರರನ್ನು 'ಪ್ರಾಸ್ಪೆಕ್ಟ್' ಎನ್ನುತ್ತಾರೆ. 'ಬೇಸ್‌ಬಾಲ್ ಅಮೆರಿಕ' ಎಂಬ ಪತ್ರಿಕೆ 1990ರಿಂದ ವರ್ಷವರ್ಷವೂ ಇಂಥ ನೂರು ಮಂದಿಯ ಪಟ್ಟಿ ಪ್ರಕಟಿಸುತ್ತ ಬಂದಿದೆ. ಹೊಡೆತ, ಬಲ, ಓಟ, ಕ್ಷೇತ್ರರಕ್ಷಣೆ, ಎಸೆತ ಎಂಬ ಐದು ಕೌಶಲಗಳಿಗೆ 20ರಿಂದ 80ರವರೆಗೆ ಅಂಕ ಕೊಡುವ ಪದ್ಧತಿಯೂ ಇದೆ.

ಈ ಅಭಿಮಾನಿಗಳನ್ನು ಗೇಲಿ ಮಾಡುವುದು ಸುಲಭ. ಆದರೆ ಅವರ ಮನಸ್ಸಿನಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಪೈರೇಟ್ಸ್ ತಂಡ 1993ರಿಂದ 2012ರವರೆಗೆ ಸತತ 20 ಋತುಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆ ಅವಧಿಯ ಆರಂಭದಲ್ಲಿ ಹುಟ್ಟಿದ ಮಗು ತನ್ನ ತಂಡದ ಒಂದು ಒಳ್ಳೆಯ ವರ್ಷವನ್ನೂ ಕಾಣದೆ ಯೌವನಕ್ಕೆ ಬಂತು. ಇಂದಿನ ದಿನ ಕತ್ತಲಾಗಿರುವವನು ನಾಳೆಯ ಕಡೆ ನೋಡದೆ ಇನ್ನೇನು ಮಾಡಬೇಕು? ಇನ್ನೂ ಯಾರಿಗೂ ಕಾಣದ ಸಾಮರ್ಥ್ಯವನ್ನು ಒಬ್ಬ ಹುಡುಗನಲ್ಲಿ ಮೊದಲೇ ಗುರುತಿಸುವುದು, ಅವನು ಎಡವಿದಾಗಲೂ ತಾಳ್ಮೆಯಿಂದ ಕಾಯುವುದು, ಇವು ಸಣ್ಣ ಗುಣಗಳಲ್ಲ. ಕೆಲವೊಮ್ಮೆ ಕಾಯುವಿಕೆ ಫಲಿಸುವುದೂ ಉಂಟು. 2023ರಲ್ಲಿ ಪೈರೇಟ್ಸ್ ಮೊದಲ ಆಯ್ಕೆಯಾಗಿ ಪಡೆದ ಪಾಲ್ ಸ್ಕೀನ್ಸ್ 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್‌ಗೆ ಬಂದು ಅದೇ ವರ್ಷ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಹೊಸಬ ಎನಿಸಿಕೊಂಡರು.

ಇನ್ನೊಂದು ಮುಖವನ್ನೂ ನೋಡೋಣ. ಬ್ರಿಯನ್ ಟೇಲರ್ ಎಂಬ ಎಸೆತಗಾರ 1991ರಲ್ಲಿ ಇಡೀ ದೇಶದ ಮೊದಲ ಆಯ್ಕೆಯಾಗಿದ್ದರು. ನ್ಯೂಯಾರ್ಕ್ ಯಾಂಕೀಸ್ ಕ್ಲಬ್ ಅವರಿಗೆ ಸಹಿಯ ಹಣವಾಗಿ 15.5 ಲಕ್ಷ ಡಾಲರ್ ಕೊಟ್ಟಿತು. 1993ರ ಡಿಸೆಂಬರ್‌ನಲ್ಲಿ ಅಣ್ಣನ ಪರವಾಗಿ ಜಗಳಕ್ಕೆ ನಿಂತಾಗ ಅವರ ಎಸೆಯುವ ಭುಜ ಘಾಸಿಗೊಂಡಿತು. ಅವರು ಮೇಜರ್ ಲೀಗ್ ಮುಟ್ಟಲೇ ಇಲ್ಲ. ಇದಕ್ಕೆ ವಿರುದ್ಧವಾಗಿ ಮೈಕ್ ಪಿಯಾಜಾ 1988ರಲ್ಲಿ 62ನೇ ಸುತ್ತಿನಲ್ಲಿ, ತಂದೆಯ ಸ್ನೇಹಿತರೊಬ್ಬರ ದಾಕ್ಷಿಣ್ಯಕ್ಕೆ ಆಯ್ಕೆಯಾದವರು. 2016ರಲ್ಲಿ ಅವರು ಆ ಆಟದ 'ಹಾಲ್ ಆಫ್ ಫೇಮ್' ಸೇರಿದರು.

ಲೆಕ್ಕಾಚಾರ ತಪ್ಪುತ್ತದೆ ಎಂದು ತೋರಿಸುವುದಷ್ಟೇ ಇಲ್ಲಿನ ಉದ್ದೇಶವಲ್ಲ. ಲೆಕ್ಕ ಸರಿಯಾದರೂ ನಮ್ಮ ಪ್ರಶ್ನೆ ಉಳಿದೇ ಇರುತ್ತದೆ. ಟೇಲರ್‌ರ ಭುಜ ಘಾಸಿಗೊಂಡಾಗ ಅಭಿಮಾನಿ ಕಳೆದುಕೊಂಡದ್ದು ಏನನ್ನು? ಒಬ್ಬ ತರುಣನನ್ನೋ, ಒಂದು ಹೂಡಿಕೆಯನ್ನೋ? ಅಣ್ಣನಿಗಾಗಿ ನಿಂತ ತಮ್ಮ ಎಂದು ಅವರನ್ನು ಕಂಡವರೆಷ್ಟು, ಬೆಲೆಬಾಳುವ ಭುಜವನ್ನು ಹಾಳುಮಾಡಿಕೊಂಡವರೆಂದು ಕಂಡವರೆಷ್ಟು?

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು, ಅವನೇ ಒಂದು ಗುರಿ ಎಂಬಂತೆ ಕಾಣಬೇಕು ಎಂದು ವಾದಿಸಿದರು. ಇಲ್ಲಿ 'ಬರೀ' ಎಂಬ ಪದ ಮುಖ್ಯ. ನಾವೆಲ್ಲರೂ ಒಬ್ಬರಿಂದೊಬ್ಬರು ಪ್ರಯೋಜನ ಪಡೆಯುತ್ತೇವೆ. ದರ್ಜಿಯಿಂದ ಅಂಗಿ ಹೊಲಿಸಿಕೊಳ್ಳುತ್ತೇವೆ, ಆಟಗಾರನಿಂದ ಸಂತೋಷ ಪಡೆಯುತ್ತೇವೆ. ಅದು ತಪ್ಪಲ್ಲ. ಪ್ರಯೋಜನ ಮುಗಿದ ಮೇಲೂ ಅವನು ನಮ್ಮ ಕಣ್ಣಿಗೆ ಮನುಷ್ಯನಾಗಿ ಉಳಿಯುತ್ತಾನೆಯೇ ಎಂಬುದೇ ಪ್ರಶ್ನೆ.

ಇದು ಬರೀ ಮನಸ್ಸಿನೊಳಗಿನ ಸೂಕ್ಷ್ಮವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದಕ್ಕೆ ಹೊಟ್ಟೆಪಾಡಿನ ಸಂಬಂಧವೂ ಇದೆ. 2022ರವರೆಗೂ ತೀರಾ ಕೆಳಗಿನ ದರ್ಜೆಯ ಆಟಗಾರನಿಗೆ ಸಿಗುತ್ತಿದ್ದ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 4,800 ಡಾಲರ್. ಆಲ್ಟೂನಾದಂಥ ಮೂರನೇ ಮೆಟ್ಟಿಲಿನವನಿಗೆ 13,800 ಡಾಲರ್. ಅಮೆರಿಕದಲ್ಲಿ ಇದರಿಂದ ಬದುಕು ಸಾಗುವುದಿಲ್ಲ. ಆದ್ದರಿಂದ ಋತು ಮುಗಿದ ಮೇಲೆ ಬೇರೆ ಕೂಲಿ ಹುಡುಕಬೇಕಿತ್ತು, ಒಂದೇ ಬಾಡಿಗೆ ಮನೆಯಲ್ಲಿ ಹಲವರು ನೆಲದ ಮೇಲೆ ಮಲಗಬೇಕಿತ್ತು. ಇದು ನ್ಯಾಯವೇ ಎಂದು ಕೇಳಿದಾಗ ಮಾಲೀಕರ ಕಡೆಯಿಂದ ಬಂದ ಉತ್ತರ ಗಮನಾರ್ಹ. ಇದು ಉದ್ಯೋಗವೇ ಅಲ್ಲ, ಮೇಲೇರುವ ಮುನ್ನ ಕೆಲಕಾಲ ನಡೆಯುವ ಕಲಿಕೆ ಎಂದರು. 2018ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ದೊಡ್ಡದೊಂದು ಖರ್ಚಿನ ಮಸೂದೆಯೊಳಗೆ ಸೇರಿಸಿ ಒಂದು ಕಾಯ್ದೆ ಮಾಡಿತು. 'ಅಮೆರಿಕದ ಆಟವನ್ನು ಉಳಿಸುವ ಕಾಯ್ದೆ' ಎಂಬರ್ಥದ ಹೆಸರು ಅದಕ್ಕೆ. ಅದು ಮಾಡಿದ್ದು ಇಷ್ಟೇ: ಈ ಆಟಗಾರರ ಹೆಚ್ಚುವರಿ ದುಡಿಮೆಯ ಕೂಲಿಯ ಹಕ್ಕನ್ನು ಕಿತ್ತುಕೊಂಡಿತು.

ಅಂದರೆ ಕನಸನ್ನೇ ಸಂಬಳದ ಒಂದು ಭಾಗವಾಗಿ ಲೆಕ್ಕಕ್ಕೆ ಹಿಡಿಯಲಾಯಿತು. ನಾಳೆ ಕೋಟ್ಯಧಿಪತಿಯಾಗುವವನು ಇಂದು ಹಸಿದಿದ್ದರೇನು ಎಂಬುದು ಅದರ ಒಳಧ್ವನಿ. ಆದರೆ ಈ ಮೆಟ್ಟಿಲುಗಳನ್ನು ಹತ್ತತೊಡಗಿದವರಲ್ಲಿ ಹೆಚ್ಚಿನವರು ಕೊನೆಯ ಮೆಟ್ಟಿಲು ಮುಟ್ಟುವುದೇ ಇಲ್ಲ. ಬಾರದ ನಾಳೆಯ ಹೆಸರಿನಲ್ಲಿ ಅವರ ಇಂದು ಖರ್ಚಾಗಿ ಹೋಗುತ್ತದೆ.

ಅಭಿಮಾನಿ ಸಂಬಳ ನಿಗದಿ ಮಾಡುವವನಲ್ಲ, ನಿಜ. ಆದರೆ ಅವನ ನೋಟವೂ ಮಾಲೀಕನ ನೋಟವೂ ಒಂದೇ ಆದಾಗ ಮಾಲೀಕನಿಗೆ ನಾಚಿಕೆಪಡುವ ಕಾರಣವಿರುವುದಿಲ್ಲ. 'ಅಗ್ಗದಲ್ಲಿ ಒಳ್ಳೆಯ ಎಸೆತಗಾರ ಸಿಕ್ಕಿದ' ಎಂದು ಕ್ಲಬ್‌ನ ಲೆಕ್ಕಿಗನಂತೆ ಅಭಿಮಾನಿಯೂ ಖುಷಿಪಡತೊಡಗಿದರೆ ಆಟಗಾರನ ಪರವಾಗಿ ಉಳಿಯುವವರು ಯಾರು?

ಕೊನೆಗೆ ಆಟಗಾರರೇ ತಮ್ಮ ಪರವಾಗಿ ನಿಂತರು. 2014ರಲ್ಲಿ ಹೂಡಿದ್ದ ಮೊಕದ್ದಮೆಯೊಂದು 2022ರಲ್ಲಿ 18.5 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಅದೇ ವರ್ಷ ಆಟಗಾರರಿಗೆ ವಸತಿ ಒದಗಿಸುವ ನಿಯಮ ಬಂತು, ಮೈನರ್ ಲೀಗ್ ಆಟಗಾರರು ಮೇಜರ್ ಲೀಗ್ ಆಟಗಾರರ ಸಂಘಟನೆಯನ್ನು ಸೇರಿದರು. 2023ರಲ್ಲಿ ಆದ ಮೊದಲ ಸಾಮೂಹಿಕ ಒಪ್ಪಂದದಿಂದ 4,800 ಡಾಲರ್ ಇದ್ದದ್ದು 19,800ಕ್ಕೆ, 13,800 ಇದ್ದದ್ದು 30,250ಕ್ಕೆ ಏರಿತು. ಸುಮಾರು ಒಂದು ಶತಮಾನದ ಕಥೆಯಲ್ಲಿ ಇದು ಸಣ್ಣ ನ್ಯಾಯವಿರಬಹುದು. ಆದರೆ ಇದರ ಹಿಂದಿನ ಮಾತು ದೊಡ್ಡದು. ನಾವು ನಾಳೆ ಏನಾಗುತ್ತೇವೋ ಗೊತ್ತಿಲ್ಲ, ಇಂದು ದುಡಿಯುತ್ತಿದ್ದೇವೆ, ಇಂದಿನ ಕೂಲಿ ಕೊಡಿ ಎಂಬುದೇ ಆ ಮಾತು.

ಈ ಕಥೆಯಲ್ಲಿ ನಮ್ಮ ದೇಶದ ಇಬ್ಬರು ಹುಡುಗರೂ ಇದ್ದಾರೆ. ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದವರು. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಎಂಬ ಟಿವಿ ಸ್ಪರ್ಧೆಯಿಂದ ಬೆಳಕಿಗೆ ಬಂದು, ಅದೇ ವರ್ಷ ಪೈರೇಟ್ಸ್ ಕ್ಲಬ್‌ನ ಒಪ್ಪಂದಕ್ಕೆ ಸಹಿ ಹಾಕಿದರು. 2014ರಲ್ಲಿ ಬಂದ ಹಾಲಿವುಡ್ ಚಿತ್ರ ಅವರ ಕಥೆಯನ್ನು ಲೋಕಕ್ಕೆಲ್ಲ ಹೇಳಿತು. ಚಿತ್ರದ ಕಥೆ ಆ ಒಪ್ಪಂದದೊಂದಿಗೆ ಮುಗಿಯುತ್ತದೆ. ಬದುಕು ಅಲ್ಲಿಗೆ ಮುಗಿಯಲಿಲ್ಲ. 2010ರ ಕೊನೆಗೆ ಕ್ಲಬ್ ದಿನೇಶ್‌ರನ್ನು ಕೈಬಿಟ್ಟಿತು. ರಿಂಕು ಮೈನರ್ ಲೀಗ್‌ನ ಕೆಳದರ್ಜೆಗಳಲ್ಲಿ ಕೆಲ ವರ್ಷ ಆಡಿ, ಗಾಯಗಳಿಂದ ಬಳಲಿ, 2018ರಲ್ಲಿ ವೃತ್ತಿಪರ ಕುಸ್ತಿಯ ಕಡೆಗೆ ಹೊರಳಿದರು. ಭರವಸೆ ಹುಟ್ಟುವ ಕ್ಷಣ ನಮಗೆ ಇಷ್ಟ. ಭರವಸೆ ಮುಗಿದ ಮೇಲೆ ಒಬ್ಬ ತರುಣ ಮರುದಿನ ಬೆಳಿಗ್ಗೆ ಏನು ಮಾಡುತ್ತಾನೆ ಎಂಬುದನ್ನು ತೋರಿಸಲು ಯಾವ ಚಿತ್ರವೂ ಆತುರಪಡುವುದಿಲ್ಲ.

ಇದಕ್ಕೊಂದು ಆಕ್ಷೇಪವಿದೆ. ಪಟ್ಟಿಯಲ್ಲಿ ತಮ್ಮ ಹೆಸರು ಬರಲೆಂದು ಆಟಗಾರರೇ ಹಂಬಲಿಸುತ್ತಾರಲ್ಲ? ಆಯ್ಕೆ ಇಲ್ಲದೆ ಶ್ರೇಷ್ಠತೆ ಹೇಗೆ ಬಂದೀತು? ಆಕ್ಷೇಪ ಸರಿಯಾದದ್ದೇ. ಎಲ್ಲರನ್ನೂ ಮೇಲಿನ ಮೆಟ್ಟಿಲಿಗೆ ಹತ್ತಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆಟ ಎಂದ ಮೇಲೆ ಸೋಲು ಇದೆ, ಹೊರಗುಳಿಯುವವರಿದ್ದಾರೆ. ಆದರೆ 'ನೀನು ಈ ಕೆಲಸಕ್ಕೆ ಸಾಲುವುದಿಲ್ಲ' ಎನ್ನುವುದು ಬೇರೆ, 'ಇನ್ನು ನಿನ್ನನ್ನು ನೋಡುವ ಅಗತ್ಯವಿಲ್ಲ' ಎನ್ನುವುದು ಬೇರೆ. ಮೊದಲನೆಯದು ತೀರ್ಪು. ಎರಡನೆಯದು ತಿರಸ್ಕಾರ.

ಆಲ್ಟೂನಾ ಪೆನ್ಸಿಲ್ವೇನಿಯಾದ ಒಂದು ಹಳೆಯ ರೈಲ್ವೆ ಊರು. ಅಲ್ಲಿನ ತಂಡಕ್ಕೆ 'ಕರ್ವ್' ಎಂದು ಹೆಸರು ಬಂದದ್ದೂ ಊರ ಸಮೀಪದ ಪ್ರಸಿದ್ಧ ರೈಲು ತಿರುವಿನಿಂದಲೇ. ಸಂಜೆ ಕೆಲಸ ಮುಗಿಸಿ ಮಕ್ಕಳನ್ನು ಕರೆದುಕೊಂಡು ಪಂದ್ಯಕ್ಕೆ ಬರುವ ಅಂಥ ಊರಿನ ಮನುಷ್ಯನಿಗೆ ಪಟ್ಟಿಯ ಕ್ರಮಸಂಖ್ಯೆಗಿಂತ ಕಣ್ಣೆದುರಿನ ಆಟ ಮುಖ್ಯ. ಇಂದು ಹಿಡಿದ ಕ್ಯಾಚಿಗೆ ಇಂದೇ ಚಪ್ಪಾಳೆ. 2021ರಲ್ಲಿ ಮೇಜರ್ ಲೀಗ್ ತನ್ನ ಅಧೀನ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಇಳಿಸಿದಾಗ ಸುಮಾರು 40 ತಂಡಗಳು ಕೊಂಡಿ ಕಳಚಿಕೊಂಡವು. ಆಟಗಾರರನ್ನು ಬೆಳೆಸಲು ಅಷ್ಟು ಊರುಗಳು ಬೇಕಿಲ್ಲ ಎಂಬ ಲೆಕ್ಕ ಸರಿಯೇ ಇರಬಹುದು. ಆದರೆ ಆ ಸಂಜೆಗಳು ಯಾವ ಲೆಕ್ಕದಲ್ಲೂ ಇರಲಿಲ್ಲ.

ನಾಳೆಯ ಕಡೆ ನೋಡಬಾರದೆಂದಲ್ಲ. ಮಗುವಿನಲ್ಲಿ ನಾಳೆಯನ್ನು ಕಾಣದ ತಾಯಿ ಇಲ್ಲ. ಆದರೆ ಅಂಕಪಟ್ಟಿ ಕೈಗೆ ಬಂದ ದಿನ ಅವಳ ಪ್ರೀತಿ ಕಡಿಮೆಯಾದರೆ, ಅವಳು ಅದುವರೆಗೆ ಪ್ರೀತಿಸಿದ್ದು ಮಗುವನ್ನಲ್ಲ. ಪ್ರಾಸ್ಪೆಕ್ಟ್‌ಗಳ ಬೆನ್ನು ಹಿಡಿದ ಅಭಿಮಾನಿಯೂ ಇದೇ ಪರೀಕ್ಷೆಯನ್ನು ತನಗೆ ತಾನೇ ಒಡ್ಡಿಕೊಳ್ಳಬಹುದು. ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳಲ್ಲಿ ಎಷ್ಟು ನನಗೆ ಈಗ ನೆನಪಿವೆ? ಅವರಿಗೆ ಸಿಗಬೇಕಾದ ಕೂಲಿ ಸಿಕ್ಕಿತೇ ಎಂದು ನಾನು ಒಮ್ಮೆಯಾದರೂ ಕೇಳಿದ್ದೇನೆಯೇ?

ಡ್ರೂ ಮ್ಯಾಗಿಯವರ ಹೆಸರು ಆ ನೂರು ಮಂದಿಯ ಪಟ್ಟಿಯಲ್ಲಿ ಎಂದೂ ಇರಲಿಲ್ಲ. 2021ರಲ್ಲಿ ಇನ್ನೊಂದು ಕ್ಲಬ್ ಅವರನ್ನು ಮೇಜರ್ ಲೀಗ್‌ಗೆ ಕರೆಸಿಕೊಂಡು, ಒಂದು ಪಂದ್ಯದಲ್ಲೂ ಇಳಿಸದೆ ಹಿಂದಕ್ಕೆ ಕಳುಹಿಸಿತ್ತು. 2023ರ ಆ ಸಂಜೆ ಎದ್ದು ನಿಂತವರು ಅವರಿಂದ ಯಾವ ಭವಿಷ್ಯವನ್ನೂ ನಿರೀಕ್ಷಿಸುವಂತಿರಲಿಲ್ಲ. 33ರ ಹರೆಯದ ಬದಲಿ ಆಟಗಾರ ತಂಡದ ನಾಳೆಯಲ್ಲ. ಆದರೂ ಅವರು ಎದ್ದು ನಿಂತರು. 1,155 ಪಂದ್ಯಗಳ ದುಡಿಮೆಗೆ ಸಲ್ಲಬೇಕಾದ ಗೌರವವನ್ನು, ತಡವಾಗಿಯಾದರೂ, ಅಂದು ಸಲ್ಲಿಸಿದರು. ಆ ಗೌರವ ಆಲ್ಟೂನಾದ ಸಂಜೆಗಳಲ್ಲೇ ಅವರಿಗೆ ಸಲ್ಲುವಂಥದ್ದಾಗಿತ್ತು. ಮೇಜರ್ ಲೀಗ್‌ಗೆ ಬರದೆ ಮನೆಗೆ ಮರಳಿದ ಸಾವಿರಾರು ಮಂದಿಗೂ ಅದು ಸಲ್ಲಬೇಕಾದದ್ದೇ ಅಲ್ಲವೇ?