ಕಟ್ಟಿಸಿದವರು, ಕಟ್ಟಿದವರು

ಬಸರಾಳಿನ ಮಲ್ಲಿಕಾರ್ಜುನ ದೇವಾಲಯದ ಬಗ್ಗೆ ಯಾವ ಪುಸ್ತಕ ತೆರೆದರೂ ಒಂದು ವಾಕ್ಯ ತಪ್ಪುವುದಿಲ್ಲ: ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಇದನ್ನು ಕಟ್ಟಿಸಿದ. ಇಂಗ್ಲಿಷಿನಲ್ಲಿ ಬರೆಯುವವರು ದಂಡನಾಯಕನೇ 'ಕಟ್ಟಿದ' ಎಂದು ಬರೆದು ಮುಂದಕ್ಕೆ ಹೋಗಬಹುದು. ಕನ್ನಡದಲ್ಲಿ ಅಷ್ಟು ಸುಲಭವಿಲ್ಲ. ನಮ್ಮ ಕ್ರಿಯಾಪದದೊಳಗೆ ಒಂದು 'ಇಸು' ಕೂತಿದೆ. ಕಟ್ಟಿಸಿದ ಅಂದ ಕೂಡಲೇ ಕಟ್ಟಿದವರು ಬೇರೆ ಯಾರೋ ಇದ್ದರು ಎಂದು ಒಪ್ಪಿಕೊಂಡ ಹಾಗೆ. ಅವರು ಯಾರು ಅನ್ನುವುದನ್ನು ಮಾತ್ರ ವಾಕ್ಯ ಹೇಳುವುದಿಲ್ಲ.

ಬೇಲೂರು, ಹಳೇಬೀಡಿಗೆ ಹೋಲಿಸಿದರೆ ಬಸರಾಳಿನದು ಚಿಕ್ಕ ಗುಡಿ. ಮಂಡ್ಯದಿಂದ ಅಲ್ಲಿಗೆ ಹೋಗುವ ಪ್ರವಾಸಿಗರೂ ಕಡಿಮೆ. ಆದರೆ ಗೋಡೆಯ ಮುಂದೆ ನಿಂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವ, ಇಪ್ಪತ್ತೆರಡು ಕೈಗಳ ದುರ್ಗೆ, ಕೈಲಾಸ ಎತ್ತುತ್ತಿರುವ ರಾವಣ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದಮೇಲೆ ಗಟ್ಟಿ. ಅಷ್ಟರೊಳಗೆ ಇಷ್ಟು ಕೈಗಳನ್ನು ಬಿಡಿಸಿದ ಕೈ ಯಾವುದು ಎಂದು ಕೇಳಬೇಕು ಅನ್ನಿಸುವುದು ಸಹಜ. ಇತಿಹಾಸ ಓದುವ ನನ್ನ ವಾರಿಗೆಯವರೆಲ್ಲ ಈಗ ಕೇಳುತ್ತಿರುವುದೂ ಇದನ್ನೇ. ದಂಡನಾಯಕರ ಹೆಸರು ಸಾಕು, ಕೆಲಸಗಾರರ ಹೆಸರು ಹೇಳಿ.

ಹೊಯ್ಸಳರ ವಿಷಯದಲ್ಲಿ ಈ ಆಸೆ ಸ್ವಲ್ಪಮಟ್ಟಿಗೆ ಈಡೇರುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ, ಬಿರುದುಗಳನ್ನೂ ಸೇರಿಸಿ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಸಿಗುತ್ತದೆ, ಮುಂದಿನ ಶತಮಾನದ ಸೋಮನಾಥಪುರದಲ್ಲೂ ಸಿಗುತ್ತದೆ. ಭಾರತದ ಶಿಲ್ಪಿ ಭಕ್ತಿಯಲ್ಲಿ ತನ್ನನ್ನೇ ಮರೆತವನು, ಅದಕ್ಕೇ ಹೆಸರು ಬಿಟ್ಟ ಎಂಬ ಮಾತನ್ನು ಆನಂದ ಕುಮಾರಸ್ವಾಮಿಯವರ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ಆ ಮಾತಿಗೆ ಬೇಲೂರಿನ ಬಿರುದುಗಳೇ ಸಾಕಷ್ಟು ಉತ್ತರ.

ಆದರೆ ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೆಲವು ಕಡೆ 'ಮಲ್ಲಿ' ಎಂದಷ್ಟೇ, ಕೆಲವು ಕಡೆ ಬರೀ 'ಮ' ಎಂದು ಗುರುತು ಹಾಕಿದ್ದಾನೆ. ನನ್ನನ್ನು ಹೆಚ್ಚು ಕಾಡುವುದು ಆ 'ಮ'. ಕೀರ್ತಿ ಬಯಸುವವನು ಒಂದೇ ಅಕ್ಷರಕ್ಕೆ ನಿಲ್ಲಿಸುತ್ತಾನೆಯೇ? ಅದು ಲೆಕ್ಕಕ್ಕೆ ಹಾಕಿದ ಗುರುತಿನ ಹಾಗೆ ಕಾಣುತ್ತದೆ: ಇದು ನನ್ನ ಕೆಲಸ, ಕೂಲಿ ನನಗೆ, ಸೊಟ್ಟಗಾದರೆ ಬೈಗುಳವೂ ನನಗೆ. ಚೀನಾದಲ್ಲಿ ಇದು ಆಡಳಿತದ ಪದ್ಧತಿಯೇ ಆಗಿತ್ತು. ಮಾಡಿದ ವಸ್ತುವಿನ ಮೇಲೆ ಮಾಡಿದವನ ಹೆಸರಿರಬೇಕು, ದೋಷ ಕಂಡರೆ ಹಿಡಿಯುವುದಕ್ಕೆ. ಚಿನ್ ಚಕ್ರವರ್ತಿಯ ಸಮಾಧಿಯ ಮಣ್ಣಿನ ಸೈನಿಕರ ಮೇಲಿರುವ ಮೇಸ್ತ್ರಿಗಳ ಹೆಸರುಗಳನ್ನು ಹೆಮ್ಮೆಯ ಸಹಿ ಅಂದುಕೊಂಡರೆ ತಪ್ಪಾದೀತು.

ಹೆಸರು ಅಂದರೆ ಹೊಣೆಯೂ ಹೌದು ಎಂದಾದರೆ ನಮ್ಮ ಬೇಡಿಕೆ ಸ್ವಲ್ಪ ಜಟಿಲವಾಗುತ್ತದೆ. ಚೀನಾದ್ದೇ ಇನ್ನೊಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ಸೊಂಗ್ ದೊರೆ ಹುಯಿಚೊಂಗನ ಮಂತ್ರಿ ತ್ಸಾಯ್ ಚಿಂಗ್ ತನ್ನ ವಿರೋಧಿ ಬಣದವರನ್ನು ದುಷ್ಟರೆಂದು ಸಾರಿ, ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಊರೂರಲ್ಲಿ ನಿಲ್ಲಿಸಲು ಆಜ್ಞೆ ಮಾಡಿದ. ಕೊನೆಯ ಪಟ್ಟಿಯಲ್ಲಿ 309 ಹೆಸರು. ಅದರಲ್ಲಿ ಸಿಮಾ ಕ್ವಾಂಗ್ ಕೂಡ ಇದ್ದ, ದೊಡ್ಡ ಇತಿಹಾಸಕಾರ, ಆಗಲೇ ಸತ್ತು ಸುಮಾರು ಇಪ್ಪತ್ತು ವರ್ಷವಾಗಿತ್ತು. ಚಾಂಗ್‌ಆನ್ ನಗರದಲ್ಲಿ ಈ ಕಲ್ಲು ಕೆತ್ತುವ ಸರದಿ ಆನ್ ಮಿನ್ ಎಂಬ ಕಲ್ಲುಕುಟಿಗನಿಗೆ ಬಂತು. ನಾನು ತಿಳಿಯದವನು, ಆದರೆ ಲೋಕವೆಲ್ಲ ಸತ್ಯವಂತ ಅನ್ನುವ ಮನುಷ್ಯನನ್ನು ದುಷ್ಟ ಎಂದು ಕೆತ್ತಲು ಮನಸ್ಸು ಬಾರದು ಅಂದ. ಅಧಿಕಾರಿ ಸಿಟ್ಟಾಗಿ ಶಿಕ್ಷೆಗೆ ಎಳೆಯಲು ಹೊರಟಾಗ ಆನ್ ಮಿನ್ ಅತ್ತು ಬೇಡಿಕೊಂಡದ್ದು ಇಷ್ಟೆ. ಬಿಟ್ಟಿಗೆ ಹಿಡಿದಿದ್ದೀರಿ, ಇಲ್ಲ ಅನ್ನಲಾರೆ. ಕಲ್ಲಿನ ಕೊನೆಯಲ್ಲಿ ನನ್ನ ಹೆಸರಿನ ಎರಡಕ್ಷರ ಮಾತ್ರ ಬೇಡ, ಮುಂದಿನವರು ನನ್ನನ್ನು ದೂರಿಯಾರು. ಕೇಳಿದವರಿಗೆ ನಾಚಿಕೆಯಾಯಿತು ಎಂದು ಸೊಂಗ್ ಇತಿಹಾಸ ಬರೆದಿಟ್ಟಿದೆ.

ಇದನ್ನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. "ಕೊನೆಗೂ ಕೆತ್ತಿದ ತಾನೆ? ಹೆಸರು ಅಳಿಸಿಕೊಂಡರೆ ಕೈ ತೊಳೆದ ಹಾಗಾಯಿತೇ?" ಅಂದಳು. ಪ್ರಶ್ನೆ ಹಗುರವಾದದ್ದಲ್ಲ. ಗುಮಾಸ್ತರು, ಪೊಲೀಸರು, ಆದೇಶ ಟೈಪು ಮಾಡುವವರು ಎಲ್ಲರೂ ಇದೇ ಮಾತು ಹೇಳಿ ಪಾರಾಗಬಹುದು. ಆದರೂ ಆನ್ ಮಿನ್‌ನ ವಿಷಯದಲ್ಲಿ ನಾನು ಅವನ ಕಡೆಗೇ. ಅವನು ಗುಟ್ಟಾಗಿ ಹೆಸರು ಬಿಟ್ಟಿದ್ದರೆ ಅದು ಬರೀ ಜಾಣತನ. ಅಧಿಕಾರಿಯ ಮುಖಕ್ಕೆ ಮುಖ ಕೊಟ್ಟು ಬೇಡ ಅಂದದ್ದು ಬೇರೆ. ಕೆತ್ತಿಸುವವನಿಗೆ, ಇದು ನಿನ್ನದು, ನನ್ನದಲ್ಲ ಎಂದು ಹೇಳಿದ ಹಾಗೆ. ಆ ಮಾತು ದಾಖಲಾದದ್ದರಿಂದಲೇ ಅವನ ಹೆಸರು ಉಳಿಯಿತು. ಮಾತೇ ಇಲ್ಲದ ಖಾಲಿ ಜಾಗದಿಂದ ವಿನಯವನ್ನೂ ಓದಲಾಗದು, ಪ್ರತಿಭಟನೆಯನ್ನೂ ಓದಲಾಗದು.

ಕನ್ನಡದ ಹೊಣೆಯ ಲೆಕ್ಕವೂ ವಿಚಿತ್ರ. ಹೊಯ್ಸಳರ ಕಾಲದಲ್ಲಿ ರೂವಾರಿ ಅಂದರೆ ಚಾಣ ಹಿಡಿದು ರೂಪ ಬಿಡಿಸುವವನು. ಇವತ್ತಿನ ಪತ್ರಿಕೆಯಲ್ಲಿ ಯೋಜನೆಯ ರೂವಾರಿ ಅಂದರೆ ಮಂತ್ರಿ, ಕೊಲೆಯ ರೂವಾರಿ ಅಂದರೆ ಸಂಚು ಮಾಡಿ ಬೇರೆಯವರಿಂದ ಮಾಡಿಸಿದವನು. ಪದ ಕೆಲಸಗಾರನ ಕೈಯಿಂದ 'ಇಸು'ವಿನ ಕಡೆಗೆ ಜಾರಿದೆ. ಜನರ ಬಾಯಲ್ಲಿ ಮಾತ್ರ ತಿರುಗುಮುರುಗು. ನಮ್ಮ ಕಡೆ ಯಾವ ಹಳೇ ಗುಡಿ ತೋರಿಸಿದರೂ "ಜಕಣಾಚಾರಿ ಕಟ್ಟುದ್ದು" ಅನ್ನುವವರು ಸಿಗುತ್ತಾರೆ. ಅವನಿದ್ದದ್ದಕ್ಕೆ ಶಾಸನದ ಆಧಾರವಿಲ್ಲ, ಇರಲಿ. ಕಥೆಯಲ್ಲಿ ಜನ ಅವನಿಗೆ ಕೊಟ್ಟದ್ದು ಹೆಸರನ್ನಷ್ಟೇ ಅಲ್ಲ. ಕಲ್ಲಿನೊಳಗಿನ ಕಪ್ಪೆ ಕಾಣಿಸಿಕೊಂಡಾಗ ಅವನು ತನ್ನ ಕೈಯನ್ನೇ ಕಡಿದುಕೊಳ್ಳುತ್ತಾನೆ.

ನನಗೆ ಇದೆಲ್ಲ ಬರೀ ಚರ್ಚೆಯಲ್ಲ. ಮಂಡ್ಯ ಸೀಮೆಯಲ್ಲಿ ವೀರಗಲ್ಲುಗಳ ಜೊತೆ ಮಾಸ್ತಿಕಲ್ಲುಗಳೂ ಇವೆ. ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಹಸ್ತ, ಒಡೆಯದ ಬಳೆಗಳು, ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಗುರುತು. ಇದನ್ನೂ ಒಬ್ಬ ಕೆತ್ತಿದ್ದಾನೆ, ಬಳೆಯ ಸಾಲು ಸಮನಾಗಿ ಬರಲಿ ಎಂದು ಜತನ ಮಾಡಿದ್ದಾನೆ. ಬಸರಾಳಿನ ನಟರಾಜನಿಗೆ ಶಿಲ್ಪಿಯ ಹೆಸರು ಬೇಕು ಎನ್ನುವ ನಾವು ಈ ತೋಳಿಗೂ ಬೇಕು ಅನ್ನುತ್ತೇವೆಯೇ? ಒಳ್ಳೆಯದಕ್ಕೆ ಹೆಸರು, ಉಳಿದದ್ದಕ್ಕೆ 'ಆ ಕಾಲದ ಪದ್ಧತಿ' ಎಂದು ವಿಂಗಡಿಸುವುದು ಕೆಲಸಗಾರನನ್ನು ಗೌರವಿಸುವ ರೀತಿಯಲ್ಲ. ಅದು ಅವನನ್ನು ಮಗುವಿನಂತೆ ನೋಡುವುದು. ದಂಡನಾಯಕರಿಗೆ ಹೊಣೆ ಹೊರಿಸಲು ನಾವು ಹಿಂಜರಿಯುವುದಿಲ್ಲವಲ್ಲ.

ಕಲ್ಲಿನ ಅರ್ಥ ಕೆತ್ತಿದವನ ಕೈಯಲ್ಲಿ ಉಳಿಯುವುದಿಲ್ಲ ಎಂಬುದೂ ನಿಜ. 1106ರಲ್ಲಿ ಧೂಮಕೇತು ಕಂಡದ್ದಕ್ಕೆ ಹೆದರಿ ಹುಯಿಚೊಂಗ್ ಆ ಕಲ್ಲುಗಳನ್ನು ಒಡೆಸಿಹಾಕಿದ. ಮುಂದೆ 1198ರಲ್ಲಿ, ಪಟ್ಟಿಯಲ್ಲಿದ್ದವನೊಬ್ಬನ ವಂಶದವರು ದಕ್ಷಿಣದ ಗ್ವೀಲಿನ್‌ನ ಗುಹೆಯಲ್ಲಿ ಅದೇ ಪಟ್ಟಿಯನ್ನು ಮತ್ತೆ ಕೆತ್ತಿಸಿದರು, ಈ ಸಲ ಹೆಮ್ಮೆಯಿಂದ. ಅಕ್ಷರಗಳು ಅವೇ. ನಮ್ಮಲ್ಲೂ ಮಾಸ್ತಿಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಮಾಸ್ತಮ್ಮ ಎಂದು ಕೈಮುಗಿಯುವ ಹೆಂಗಸರಿದ್ದಾರೆ. ಅವರು ಕೈಮುಗಿಯುವುದು ಚಿತೆಗಲ್ಲ.

ನಾನು ಕಲ್ಲುಗಳ ಪಟ್ಟಿ ಮಾಡುವ ಕಡತದಲ್ಲಿ ಸ್ಥಳ, ಕಾಲ, ಮಾಡಿಸಿದವರು ಎಂಬ ಅಂಕಣಗಳ ಪಕ್ಕ 'ಕೆತ್ತಿದವರು' ಎಂದು ಇನ್ನೊಂದಿದೆ. ಬಹುಪಾಲು ಖಾಲಿ ಇರುವುದರಿಂದ ತೆಗೆದುಬಿಡು ಎಂದು ಹೇಳಿದವರಿದ್ದಾರೆ. ಮಾಸ್ತಿಕಲ್ಲುಗಳ ಹಾಳೆಯಲ್ಲೂ ಅದನ್ನು ಹಾಗೇ ಇಟ್ಟಿದ್ದೇನೆ.