ಮಣೇಲಿನ ಬೀದಿಯಲ್ಲಿ ಕೇಳಿದ ಪ್ರಶ್ನೆ

1623ರ ಡಿಸೆಂಬರಿನಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿನಿಂದ ದೋಣಿಯಲ್ಲಿ ಬಂದು, ಗುರುಪುರ ಹೊಳೆಯ ದಡದ ಮಣೇಲಿನಲ್ಲಿ ಇಳಿದ. ತಂಗಲು ಒಂದು ಮನೆ ಸಿಕ್ಕೀತೇ ಎಂದು ಪೇಟೆಯತ್ತ ನಡೆಯುತ್ತಿದ್ದಾಗ ಎದುರಿಗೆ ಚೌಟ ಮನೆತನದ ರಾಣಿ ಅಬ್ಬಕ್ಕ ಬಂದಳು. ಬರಿಗಾಲು, ಓಲೆಯ ಕೊಡೆ, ಬೆರಳೆಣಿಕೆಯ ಕಾವಲಿನವರು. ಅಡುಗೆಮನೆಯ ಕೆಲಸದವಳ ಹಾಗೆ ಕಂಡಳು ಎಂದು ಆತ ಬರೆದ. ಆಕೆ ಬಾಯಿಬಿಟ್ಟ ಮೇಲೆ, ದನಿ ಮಾತ್ರ ರಾಣಿಯದ್ದೇ ಎಂದೂ ಬರೆದ. ಕಣ್ಣಿನ ತಪ್ಪನ್ನು ಕಿವಿ ತಿದ್ದಿತು. ಆ ಎರಡನೆಯ ಮಾತನ್ನು ಬರೆಯದೆ ಬಿಟ್ಟಿದ್ದರೆ ಅವನ ಬಗ್ಗೆ ನನಗೆ ಗೌರವ ಉಳಿಯುತ್ತಿರಲಿಲ್ಲ.

ನೋಡಲು ಬಂದವನನ್ನು ರಾಣಿಯೂ ನೋಡಿದಳು. ಬೀದಿಯಲ್ಲೇ ನಿಂತು, ದುಭಾಷಿಯ ಮೂಲಕ, ಎಲ್ಲಿಂದ ಬಂದೆ, ಯಾವ ಯಾವ ನಾಡು ಕಂಡೆ ಎಂದೆಲ್ಲ ವಿಚಾರಿಸಿದಳು. ಆಮೇಲೆ ಕೇಳಿದ್ದು ಬೇರೆಯೇ ಬಗೆಯ ಪ್ರಶ್ನೆ: ಮನಸ್ಸಿಗೆ ಏನಾದರೂ ನೋವಾಗಿ ಹೀಗೆ ಅಲೆಯುತ್ತಿರುವೆಯಾ, ಪ್ರೀತಿಯವರು ಯಾರಾದರೂ ತೀರಿಕೊಂಡರೇ?

ಆತನ ಹೆಂಡತಿ ಮಾನಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ದೇಹವನ್ನು ಕೆಡದಂತೆ ಕಾಪಿಟ್ಟು ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದ. ಕೊನೆಗೆ ಮಣ್ಣು ಮಾಡಿದ್ದು ರೋಮಿನಲ್ಲಿ. ನಾಡು ನೋಡುವ ಆಸೆಯಿಂದ ಬಂದೆ ಎಂದೇ ಅವನು ಮೊದಲು ಹೇಳಿದ್ದು. ಆಮೇಲೆ, ಹೆಂಡತಿ ಸತ್ತ ದುಃಖವೂ ಇದೆಯೆಂದ. ಅಬ್ಬಕ್ಕ ಸ್ವತಃ ಬಂಗ ಮನೆತನದ ಅರಸನನ್ನು ಮದುವೆಯಾಗಿ, ಬಿಟ್ಟು ಬಂದವಳು. ಒಂಟಿಯಾಗಿ ಬಂದವನ ಮುಖ ಓದುವುದು ಆಕೆಗೆ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಊಹೆ.

ಚೌಟರ ಅರಮನೆ ಈಗ ಇರುವುದು ಮೂಡಬಿದಿರೆಯಲ್ಲಿ. ಅದರ ಕೆತ್ತನೆಯ ಕಂಬ ನೋಡಿ, 1430ರ ಸಾವಿರ ಕಂಬದ ಬಸದಿ ನೋಡಿ, ಜೈನಪೇಟೆಯಲ್ಲಿ ಒಂದು ಸುತ್ತು ಬರುವ ಪರದೇಶಿಗಳನ್ನು ನಾನು ಬಹಳ ಕಂಡಿದ್ದೇನೆ. ಜಗಲಿಯಿಂದ ತುಳುವಿನಲ್ಲಿ ‘ಬಲೆ, ಕುಲ್ಲುಲೆ’ (ಬನ್ನಿ, ಕೂತುಕೊಳ್ಳಿ) ಎನ್ನುವವರು ಇದ್ದಾರೆ. ಬೆಲ್ಲ, ನೀರು ಬರುತ್ತದೆ. ನಮ್ಮ ಮಕ್ಕಳೂ ಹೊರದೇಶಗಳಲ್ಲಿ ವಾರದ ಮಟ್ಟಿಗೆ ಯಾರದೋ ಫ್ಲ್ಯಾಟ್ ಹಿಡಿದು ಬೀದಿ ಸುತ್ತುತ್ತಾರೆ. ಬಾರ್ಸಿಲೋನಾದಲ್ಲಿ ಅಂಥ ಫ್ಲ್ಯಾಟುಗಳು ಹೆಚ್ಚಿ, ಅಲ್ಲಿಯವರಿಗೇ ಬಾಡಿಗೆಮನೆ ಎಟುಕದಂತಾಯಿತು. 2028ರ ಹೊತ್ತಿಗೆ ಅವನ್ನೆಲ್ಲ ನಿಲ್ಲಿಸುವುದಾಗಿ ಅಲ್ಲಿನ ನಗರಾಡಳಿತ 2024ರಲ್ಲಿ ಸಾರಿದೆ. ನಾವು ಸಂತೋಷದಿಂದ ಅಡ್ಡಾಡುವ ಓಣಿ ಇನ್ನೊಬ್ಬರ ಬದುಕು ಎಂಬುದನ್ನು ಮರೆತರೆ ಆಗುವುದು ಇದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಬಂಟ್ವಾಳದ ಬಿ.ಸಿ. ರೋಡು. ಒಡಿಶಾದಿಂದ, ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದವರು ಅಲ್ಲಿ ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುತ್ತಾರೆ. ಅವರೂ ಭಾನುವಾರ ಸಂಜೆ ಸುತ್ತಲ ಓಣಿಗಳಲ್ಲಿ ನಡೆದಾಡುತ್ತಾರೆ. ಅವರಿಗೆ ಯಾವ ಜಗಲಿಯಿಂದಲೂ ಬೆಲ್ಲ ಬರುವುದಿಲ್ಲ. ಅವರಿಗೆ ಎದುರಾಗುವ ಪ್ರಶ್ನೆ ಎರಡೇ: ಆಧಾರ್ ಉಂಟಾ? ಯಾವ ಜಾತಿ? ಮನೆ ಕೊಡುವಾಗ ಹೀಗೆ ಕೇಳುವವರು ಕಟುಕರೇನಲ್ಲ. ನನ್ನ ನೆರೆಯವರೇ, ಒಳ್ಳೆಯವರೇ.

ಪಾಣೆಮಂಗಳೂರಿನ ಹಳೆಯ ಸೇತುವೆಯ ಬಳಿ ಅಂಥ ಒಬ್ಬ ಹುಡುಗ ಫೋನಿನಲ್ಲಿ ಮನೆಗೆ ನೇತ್ರಾವತಿಯನ್ನು ತೋರಿಸುತ್ತಿದ್ದ. ನನ್ನ ಹರುಕು ಹಿಂದಿಯಲ್ಲಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದೆ. ಅವನು ಫೋನನ್ನು ನನ್ನ ಕಡೆಗೆ ತಿರುಗಿಸಿದ. ಅಲ್ಲಿ ಅವನ ತಾಯಿ ಇದ್ದರು.