ಈರ್ಯಾಸಮಿತಿಯೂ ಸೈಕಲ್ ಸವಾರನೂ

ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡುವುದು ಮುನಿಗಳ ಈರ್ಯಾಸಮಿತಿ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರಾದರೋ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ನೆಲವನ್ನು ದಾಟುತ್ತದೆ. ಅದನ್ನು ನಡೆಸುವ ಶ್ರಾವಕನ ದೃಷ್ಟಿ ಎಷ್ಟು ದೂರ ಹರಿಯಬೇಕು? ಜೀವದಯೆಗಾಗಿ ಹೊತ್ತು ಮುಳುಗುವ ಮುನ್ನ ಉಣ್ಣಬೇಕೆಂದು ಆತುರದಿಂದ ಕಾರು ಓಡಿಸುವವರನ್ನೂ ಕಂಡಿದ್ದೇನೆ!

ಸೈಕಲ್ ತುಳಿಯುವ ಶಾಲಾಬಾಲಕನಿಗೆ ಪೆಟ್ಟಾದರೆ ‘ಆಕಸ್ಮಿಕ’ ಎನ್ನುತ್ತೇವೆ. ಪ್ರಮಾದದಿಂದ ಪ್ರಾಣಹರಣವಾದರೆ ಅದು ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಆ ಪ್ರಮಾದ ಚಾಲಕನದಷ್ಟೇ ಅಲ್ಲ, ಸೈಕಲ್ಲಿಗೆ ಎಡೆಯಿಲ್ಲದ ರಸ್ತೆಯನ್ನು ಕಂಡೂ ಸುಮ್ಮನಿರುವ ಊರಿನದೂ ಹೌದು. ಹಾಲೆಂಡಿನಲ್ಲಿ 1971ರಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಗಳಲ್ಲಿ ಮಡಿದರು. ಮುಂದಿನ ವರ್ಷಗಳಲ್ಲಿ ತಂದೆತಾಯಿಗಳು ಬೀದಿಗಿಳಿದು ಆಗ್ರಹಿಸಿದರು; ಕ್ರಮೇಣ ಸೈಕಲ್ಲಿಗೆ ಪ್ರತ್ಯೇಕ ದಾರಿಗಳಾದವು.

ನಮ್ಮ ಬಸದಿಯ ಮುಂದಿನ ರಸ್ತೆಗೆ ಅಂಥದೊಂದು ದಾರಿಯನ್ನು ಕೇಳಿ ನಗರಸಭೆಗೆ ಮನವಿ ಬರೆಯುವುದು ಟ್ರಸ್ಟಿನ ಕೆಲಸವಲ್ಲವೆಂದು ಹೇಗೆ ಹೇಳೋಣ?